ಸೂರಿನಂಚಿನ ಮಣ್ಣಿನ ಮುಖಗಳು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ಹವ್ಯಾಸ ಅಷ್ಟೇ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಇಟಲಿಯ ಹಳೆಯ ದೇವಾಲಯ ಎಂದ ಕೂಡಲೇ ಬಿಳಿ ಅಮೃತಶಿಲೆ ಕಣ್ಣಮುಂದೆ ಬರುತ್ತದೆ. ಆದರೆ ಎರಡೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿನ ಎಟ್ರಸ್ಕನ್ನರು ಮತ್ತು ಲ್ಯಾಟಿನ್ನರು ಕಟ್ಟುತ್ತಿದ್ದ ಗುಡಿಗಳೇ ಬೇರೆ. ಕಲ್ಲಿನ ಜಗಲಿ, ಹಸಿ ಇಟ್ಟಿಗೆಯ ಗೋಡೆ, ಮರದ ತೊಲೆ, ಮೇಲೆ ಭಾರವಾದ ಹಂಚು. ಮಳೆಗೆ ಮರ ಕೊಳೆಯದಿರಲೆಂದು ತೊಲೆಗಳಿಗೆ ಸುಟ್ಟ ಮಣ್ಣಿನ ಫಲಕಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಸೂರಿನಂಚಿನಲ್ಲಿ ಹಂಚಿನ ಸಾಲು ಮುಗಿಯುವಲ್ಲಿ ಒಂದೊಂದು ಮುಚ್ಚಳ. ಅದರ ಹೆಸರು ಆಂಟಿಫಿಕ್ಸ್.

ಈ ಮುಚ್ಚಳಗಳ ಮೇಲೆ ಹೆಚ್ಚಾಗಿ ಕಾಣುವುದು ಹೆಣ್ಣಿನ ಮುಖ. ಕೆಲವು ಕಡೆ ನಾಲಿಗೆ ಚಾಚಿದ ಗೋರ್ಗನ್. ಲನುವಿಯಂ ಊರಿನ ದೇವಿ ಜುನೋ ಸೊಸ್ಪಿತಾ ಕೊಂಬಿರುವ ಮೇಕೆಯ ಚರ್ಮವನ್ನು ತಲೆಗೆ ಹೊದ್ದಿರುತ್ತಾಳೆ. ಒಂದೇ ಅಚ್ಚಿನಿಂದ ಹತ್ತಾರು ಮುಖ. ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ನಮ್ಮ ಆಫೀಸಿನಲ್ಲಿ ಟೆಂಪ್ಲೇಟ್ ಅನ್ನುತ್ತೇವಲ್ಲ, ಹಾಗೆ.

ದೊಡ್ಡ ವಿಗ್ರಹಗಳಿಗೆ ಅಚ್ಚಿಲ್ಲ, ಕೈಯಲ್ಲೇ ಮಾಡಬೇಕು. ವೇಯಿ ನಗರದ ಗುಡಿಯ ಮಾಡಿನ ನೆತ್ತಿಯ ಮೇಲೆ ಆಳೆತ್ತರದ ದೇವತೆಗಳು ಸಾಲಾಗಿ ನಿಂತಿದ್ದರು. ಅವರಲ್ಲಿ ಅಪೊಲೊ 1916ರಲ್ಲಿ ಸಿಕ್ಕಿದ. ಎತ್ತರ ಸುಮಾರು 1.8 ಮೀಟರ್, ಒಳಗೆಲ್ಲ ಟೊಳ್ಳು. ದಪ್ಪ ಮಣ್ಣು ಆವಿಗೆಯಲ್ಲಿ ಸೀಳುತ್ತದೆ, ಅದಕ್ಕೆ ಈ ಉಪಾಯ.

ಸುಟ್ಟಾಗ ಮಣ್ಣು ಕುಗ್ಗುತ್ತದೆ ಎಂಬುದು ಕುಂಬಾರರಿಗೆಲ್ಲ ಗೊತ್ತು. ಆದರೆ ಪ್ಲೂಟಾರ್ಕ್ ಒಂದು ಐತಿಹ್ಯ ಹೇಳುತ್ತಾನೆ. ರೋಮಿನ ಜುಪಿಟರ್ ಗುಡಿಯ ಮಾಡಿಗೆಂದು ವೇಯಿಯ ಕುಶಲಕರ್ಮಿಗಳು ಮಾಡಿದ ಮಣ್ಣಿನ ರಥ ಕುಗ್ಗುವ ಬದಲು ಉಬ್ಬಿತಂತೆ. ಅದನ್ನು ಹೊರತೆಗೆಯಲು ಆವಿಗೆಯನ್ನೇ ಒಡೆಯಬೇಕಾಯಿತಂತೆ. ರಥ ಯಾರ ಬಳಿ ಇರುತ್ತದೋ ಅವರಿಗೆ ಅಧಿಕಾರ ಎಂದು ಶಕುನದವರು ಹೇಳಿದ್ದರಿಂದ ವೇಯಿಯವರು ಕೊಡಲು ಹಿಂದೇಟು ಹಾಕಿದರಂತೆ.

ಈಗ ನಮಗೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಹ್ಯಾನಿಬಾಲನ ಯುದ್ಧ ನಡೆಯುತ್ತಿದ್ದ ಕ್ರಿ.ಪೂ. 215ರಲ್ಲಿ ರೋಮ್ ಒಂದು ಕಾನೂನು ಮಾಡಿತು: ಹೆಂಗಸರು ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದು, ಬಣ್ಣಬಣ್ಣದ ಉಡುಪು ತೊಡಬಾರದು. ಯುದ್ಧ ಮುಗಿದರೂ ಕಾನೂನು ಉಳಿಯಿತು. ಕ್ರಿ.ಪೂ. 195ರಲ್ಲಿ ಅದನ್ನು ತೆಗೆಯಬೇಕೆಂದು ಹೆಂಗಸರು ಬೀದಿಗಿಳಿದರು. ಕಾನೂನಿನ ಪರ ನಿಂತವನು ಕಾನ್ಸಲ್ ಕೇಟೋ. ಲಿವಿ ದಾಖಲಿಸಿರುವಂತೆ ಅವನ ದೂರೇನು ಗೊತ್ತೇ? ಜನ ಕೊರಿಂತ್, ಅಥೆನ್ಸಿನ ಅಲಂಕಾರ ಹೊಗಳುತ್ತಾ ನಮ್ಮ ದೇವರ ಮಣ್ಣಿನ ಆಂಟಿಫಿಕ್ಸ್ ಕಂಡು ನಗುತ್ತಾರೆ ಎಂದು! ಅವನಿಗೆ ಮಣ್ಣು ಸರಳತೆಯ ಗುರುತು.

ಆದರೆ ಆ ಮುಖಗಳನ್ನು ಹತ್ತಿರದಿಂದ ನೋಡಿ. ಬಿಳಿ, ಕೆಂಪು, ಕಪ್ಪು ಬಣ್ಣ ಬಳಿದದ್ದು. ಎಷ್ಟೋ ಮುಖಗಳಿಗೆ ತಲೆಯಲ್ಲಿ ಕಿರೀಟಪಟ್ಟಿ, ಕಿವಿಯಲ್ಲಿ ಅಗಲವಾದ ಓಲೆ. ದೇವರ ಸೂರಿನಲ್ಲಿ ಸಿಂಗರಿಸಿಕೊಂಡ ಹೆಣ್ಣು ನಿಲ್ಲಬಹುದು, ಬೀದಿಯಲ್ಲಿ ನಡೆಯುವ ಹೆಣ್ಣು ಮಾತ್ರ ಸಿಂಗರಿಸಿಕೊಳ್ಳಬಾರದೇ? ಕೇಟೋ ತಲೆಯೆತ್ತಿ ನೋಡಿದ್ದರೆ ಉತ್ತರ ಅಲ್ಲೇ ಇತ್ತು. ಹೆಂಗಸರು ಪಟ್ಟು ಬಿಡಲಿಲ್ಲ. ಅದೇ ವರ್ಷ ಕಾನೂನು ರದ್ದಾಯಿತು.

ಮರ ಕೊಳೆತು, ಗೋಡೆ ಕರಗಿ, ಈ ಮಣ್ಣಿನ ಮುಖಗಳು ಉಳಿದಿವೆ. ರೋಮಿಗೆ ಹೋದರೆ ಕೊಲೊಸಿಯಮ್ ಜೊತೆಗೆ ವಿಲ್ಲಾ ಜೂಲಿಯಾ ಮ್ಯೂಸಿಯಂಗೂ ಅರ್ಧ ದಿನ ಇಟ್ಟುಕೊಳ್ಳಿ. ವೇಯಿಯ ಅಪೊಲೊ ಅಲ್ಲೇ ಇದ್ದಾನೆ. ಆದರೆ ಮೊದಲು ಓಲೆ ಹಾಕಿಕೊಂಡ ಆ ಹೆಣ್ಣುಮಕ್ಕಳನ್ನು ಮಾತನಾಡಿಸಿ.