ನೋವಿನ ಮಾತ್ರೆ ಮತ್ತು ಮನೆಯ ಮರ್ಯಾದೆ



ಮದ್ಯ ಹರಾಮ್ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಅದರಿಂದಲೇ, ಅಮಲು ನಮ್ಮ ಹೊಸ್ತಿಲು ದಾಟದು ಎಂದು ನಾವು ನಿಶ್ಚಿಂತರಾಗಿದ್ದೇವೆ. ಆದರೆ ಅದು ವೈದ್ಯರ ಚೀಟಿಯ ಮೂಲಕವೂ ಬರುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನಿಗೆ, ಬೆನ್ನು ನೋವಿನಿಂದ ಏಳಲಾಗದವನಿಗೆ ಟ್ರಮಡಾಲ್, ಟಪೆಂಟಡಾಲ್‌ನಂತಹ ಮಾತ್ರೆ ಬರೆದುಕೊಡುತ್ತಾರೆ. ಇವು ಅಫೀಮಿನಂತೆಯೇ ಕೆಲಸ ಮಾಡುವ ಔಷಧಗಳು. ಕೆಲವು ದಿನಕ್ಕೆಂದು ಕೊಟ್ಟದ್ದನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗಿದರೆ ದೇಹ ಒಗ್ಗಿಹೋಗುತ್ತದೆ. ಒಂದು ಸಾಲದೆ ಎರಡು, ಎರಡು ಸಾಲದೆ ನಾಲ್ಕು. ಟ್ರಮಡಾಲ್ ಅತಿಯಾದರೆ ಫಿಟ್ಸ್ ಕೂಡ ಬರಬಹುದು. 2018ರಲ್ಲಿ ಸರಕಾರ ಅದನ್ನು ಮಾದಕ ದ್ರವ್ಯ ಕಾಯ್ದೆಯಡಿ ತಂದಿತು.

ಹಾಗೆಂದು ಔಷಧಿಯೇ ಹರಾಮ್ ಎನ್ನಬೇಡಿ. ಕ್ಯಾನ್ಸರಿನ ನೋವಿನಲ್ಲಿ ನರಳುವ ತಾಯಿಗೆ ವೈದ್ಯರು ಮಾರ್ಫಿನ್ ಕೊಟ್ಟರೆ ತಡೆಯುವ ಹಕ್ಕು ನಮಗಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಮನೆಯಲ್ಲಿ ಗೊತ್ತಾದ ಮೇಲೂ ಯಾರಿಗೂ ಹೇಳದೆ, ರಮಝಾನ್ ಬರಲಿ, ಬಿಟ್ಟೇ ಬಿಡುತ್ತಾನೆ ಎಂದು ಕಾಯುತ್ತಾರೆ. ಒಮ್ಮೆಲೇ ಬಿಟ್ಟರೆ ಬೆವರು, ಮೈಕೈ ಸೆಳೆತ, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. ಕಾಯಿಲೆಯವನಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಅವನು ಹೇಗೋ ಸಹಿಸಿ ತಿಂಗಳು ದಾಟಿದನೆನ್ನಿ. ಅಷ್ಟರಲ್ಲಿ ದೇಹದ ಒಗ್ಗಿಕೆ ಹೋಗಿರುತ್ತದೆ. ಈದ್ ಕಳೆದು ಮತ್ತೆ ಹಳೆಯ ಲೆಕ್ಕದಲ್ಲೇ ಮಾತ್ರೆ ನುಂಗಿದರೆ ಉಸಿರು ನಿಧಾನವಾಗಿ ನಿದ್ದೆಯಲ್ಲೇ ನಿಂತುಹೋಗಬಹುದು. ಮನೆಯವರು ಬೆಳಿಗ್ಗೆ ಎಬ್ಬಿಸಲು ಹೋದಾಗಲೇ ತಿಳಿಯುವುದು.

ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾರೆ. ಅಗತ್ಯವಿದ್ದರೆ ಬುಪ್ರೆನಾರ್ಫಿನ್ ಕೊಡುತ್ತಾರೆ. ಒಂದು ಅಮಲಿಗೆ ಬದಲಾಗಿ ಇನ್ನೊಂದು ಅಮಲೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಅಲ್ಲ. ಅಳತೆಯಲ್ಲಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಅದು ತುಡಿತವನ್ನು ತಣಿಸುತ್ತದೆ. ಅವನು ಕೆಲಸಕ್ಕೂ ಹೋಗಬಲ್ಲ, ಸಫ್‌ನಲ್ಲಿ ಎಚ್ಚರದಿಂದ ನಿಲ್ಲಲೂ ಬಲ್ಲ. ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಇನ್ನು ಸಾಕು ಎಂದು ಮನೆಯವರೇ ನಿಲ್ಲಿಸಬೇಡಿ.

ಮದ್ಯಪಾನಕ್ಕಾಗಿ ಪದೇ ಪದೇ ಹಿಡಿದು ತರಲ್ಪಟ್ಟ ಒಬ್ಬ ಸಹಾಬಿಯ ಘಟನೆ ಬುಖಾರಿಯಲ್ಲಿದೆ. ಅವರನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷಿ ನುಡಿದರು. ಶಿಕ್ಷೆಯಾಯಿತು, ಆದರೆ ಜಮಾಅತಿನಿಂದ ಹೊರಹಾಕಲಿಲ್ಲ. ಬೆನ್ನು ನೋವಿಗೆಂದು ಮಾತ್ರೆ ನುಂಗಿ ಸಿಕ್ಕಿಬಿದ್ದ ಹುಡುಗನನ್ನು ನಾವು ಯಾವ ಬಾಯಿಂದ ಬೈಯುತ್ತೇವೆ? ತಂಗಿಯ ಮದುವೆ ನಿಂತೀತು ಎಂಬ ಭಯಕ್ಕೆ ಎಷ್ಟು ತಾಯಂದಿರು ಬಾಯಿ ಮುಚ್ಚಿಕೊಂಡಿದ್ದಾರೋ!

ಪೊಲೀಸರ ಭಯವೂ ಇದೆ. ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 14446ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಒಬ್ಬರೇ ಹೋಗಲು ಸಂಕೋಚವಾದರೆ ನಮಾಝಿನ ನಂತರ ನಮ್ಮ ಬಳಿ ಹೇಳಿ, ಜೊತೆಗೆ ಬರುತ್ತೇವೆ.