ಸುದ್ದಿಗೊಂದು ಹೆಸರಿರಲಿ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಚುನಾವಣೆ ಕಾಲದಲ್ಲಿ ಸುದ್ದಿಯನ್ನು ಎಷ್ಟು ನಂಬಬೇಕು, ಸುದ್ದಿ ಹೇಳುವ ಕೆಲಸದಲ್ಲಿ ಸಾಮಾನ್ಯ ನಾಗರಿಕನ ಪಾಲು ಏನು ಎಂಬ ಬಗ್ಗೆ ಮಾತಾಡಲು ಸಂಘಟಕರು ಹೇಳಿದ್ದಾರೆ. ಹರಿಹರದಿಂದ ದಾವಣಗೆರೆಯ ಪತ್ರಿಕೆಗಳಿಗೆ ಬಹಳ ವರ್ಷ ಸುದ್ದಿ ಕಳಿಸಿದವನು ನಾನು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಆಗ ಹರಿಹರಕ್ಕೂ ದಾವಣಗೆರೆಗೂ ನಡುವಿನ ದೂರ ಹದಿನೈದು ಕಿಲೋಮೀಟರ್ ಒಳಗಿದ್ದರೂ ಸುದ್ದಿ ಮುಟ್ಟಿಸಲು ಅರ್ಧ ದಿನ ಬೇಕಾಗುತ್ತಿತ್ತು. ಕೈಯಲ್ಲಿ ಬರೆದು, ಕವರಿಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಕಚೇರಿಯ ಹುಡುಗ ಸ್ಟ್ಯಾಂಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಕವರ್ ಬಿಚ್ಚಿದ ಉಪಸಂಪಾದಕರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಇದನ್ನು ಯಾರು ಹೇಳಿದರು? ನೀವು ನೋಡಿದಿರಾ, ಕೇಳಿದಿರಾ?” ನಮ್ಮೂರ ಅರಳಿಕಟ್ಟೆಯ ಮೇಲೆ ಕೂತ ಹಿರಿಯರೂ ಇದನ್ನೇ ಕೇಳುತ್ತಿದ್ದರು. “ಯಾರು ಹೇಳಿದ್ದಪ್ಪಾ?” ಎಂದರೆ ಅರ್ಧ ಗಾಳಿಸುದ್ದಿ ಅಲ್ಲಿಯೇ ಬಿದ್ದುಹೋಗುತ್ತಿತ್ತು.

ಈ ಪ್ರಶ್ನೆಯನ್ನು ನಮ್ಮ ಕಾನೂನೂ ಬಹಳ ಹಿಂದೆಯೇ ಕೇಳಿದೆ. ಮಕ್ಕಳೇ, ನಾಳೆ ಮನೆಗೆ ಬರುವ ಯಾವುದೇ ಪತ್ರಿಕೆಯನ್ನು ತಿರುವಿ ನೋಡಿ. ಎಲ್ಲೋ ಒಂದು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂದು ಬರೆದಿರುತ್ತದೆ. 1867ರ ಕಾಯ್ದೆಯಿಂದ ಬಂದ ಪದ್ಧತಿ ಅದು. ಬರೆದದ್ದು ಸುಳ್ಳಾದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಆ ಸಾಲಿನಲ್ಲಿದೆ. ಚುನಾವಣೆಯ ಕರಪತ್ರಕ್ಕೂ ಇದೇ ನಿಯಮ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇಲ್ಲದೆ ಒಂದು ಪೋಸ್ಟರ್ ಕೂಡ ಅಚ್ಚು ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈಗ ನಿಮ್ಮ ಜೇಬಿನಲ್ಲಿರುವ ಫೋನ್ ತೆಗೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶದ ತಳದಲ್ಲಿ ಯಾರ ಹೆಸರಿದೆ? ಗೋಡೆಗೆ ಹಚ್ಚಿದರೆ ಅಪರಾಧವಾಗುವ ಅನಾಮಧೇಯ ಕರಪತ್ರ ನಮ್ಮ ಅಂಗೈಗೆ ದಿನಕ್ಕೆ ಹತ್ತು ಬರುತ್ತದೆ. ಹಂಚುವವರು ನಾವೇ.

2024ರ ಲೋಕಸಭಾ ಚುನಾವಣೆಯಿಂದಲೇ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ದಿನಾಂಕದ್ದು. ಚುನಾವಣಾ ಆಯೋಗ ವೇಳಾಪಟ್ಟಿ ಪ್ರಕಟಿಸಿದ್ದು ಮಾರ್ಚ್ 16ರಂದು. ಅದಕ್ಕೂ ಮೊದಲೇ ಆಯೋಗದ ಹೆಸರಿನಲ್ಲಿ ಒಂದು ವೇಳಾಪಟ್ಟಿ ದೇಶದ ತುಂಬ ಓಡಾಡಿತು. ಏಪ್ರಿಲ್ 19ಕ್ಕೆ ಮತದಾನ, ಮೇ 22ಕ್ಕೆ ಎಣಿಕೆ ಎಂದು ಅದರಲ್ಲಿತ್ತು. ಅದು ನಕಲಿ ಎಂದು ಆಯೋಗ ಹೇಳಬೇಕಾಯಿತು. ಕೊನೆಗೆ ಮೊದಲ ಹಂತದ ಮತದಾನ ಏಪ್ರಿಲ್ 19ಕ್ಕೇ ಬಂತು, ಎಣಿಕೆ ಮಾತ್ರ ಜೂನ್ 4ಕ್ಕೆ ಆಯಿತು. ನಮ್ಮ ದಾವಣಗೆರೆ ಕ್ಷೇತ್ರದಲ್ಲಿ ಮತದಾನ ಆದದ್ದು ಮೇ 7ರಂದು. ಒಂದು ದಿನಾಂಕ ಹೊಂದಿದ ಮಾತ್ರಕ್ಕೆ ಆ ಕಾಗದ ನಿಜವಾಗಲಿಲ್ಲ. ಕಣ್ಣು ಮುಚ್ಚಿ ಎಸೆದ ಕಲ್ಲೂ ಒಮ್ಮೊಮ್ಮೆ ಮಾವಿನಕಾಯಿಗೆ ತಾಗುತ್ತದೆ.

ಎರಡನೆಯದು ಇದಕ್ಕಿಂತ ಅಪಾಯದ್ದು. “ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ನಿಮ್ಮ ಮತ ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಟೆಂಡರ್ ವೋಟ್ ಶೇಕಡಾ 14 ದಾಟಿದರೆ ಮರುಮತದಾನ” ಎಂಬ ಸಂದೇಶವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 2019ರಲ್ಲೂ ಓಡಾಡಿತ್ತು, 2024ರಲ್ಲೂ ಬಂತು. ಇದರಲ್ಲಿ ನಡುವಿನ ಮಾತು ಮಾತ್ರ ನಿಜ. ನಿಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ, ಮತಗಟ್ಟೆ ಅಧ್ಯಕ್ಷಾಧಿಕಾರಿ ನಿಮ್ಮ ಗುರುತು ವಿಚಾರಿಸಿ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆಯಾಗಿ ಮುಚ್ಚಿಡುತ್ತಾರೆ. ಚಾಲೆಂಜ್ ಎಂಬುದು ತಿರುಗಾಮುರುಗಾ ಆಗಿದೆ. ಬಂದ ಮತದಾರ ಅಸಲಿ ಮನುಷ್ಯನಲ್ಲ ಎಂದು ಪಕ್ಷದ ಏಜೆಂಟ್ ಎರಡು ರೂಪಾಯಿ ಠೇವಣಿ ಇಟ್ಟು ಮಾಡುವ ಆಕ್ಷೇಪ ಅದು. ಪಟ್ಟಿಯಲ್ಲಿ ಹೆಸರಿಲ್ಲದವರು ಯಾವ ಕಾರ್ಡ್ ತೋರಿಸಿದರೂ ಮತ ಹಾಕುವಂತಿಲ್ಲ. ಶೇಕಡಾ 14ರ ನಿಯಮ ಎಲ್ಲೂ ಇಲ್ಲ. ಈ ಸಂದೇಶ ನಂಬಿ, ಪಟ್ಟಿ ನೋಡಿಕೊಳ್ಳದೆ ಮನೆಯಲ್ಲಿ ಕೂತವನ ಮತ ಹೋಯಿತು. ಕಳಿಸಿದವನು ಕೆಟ್ಟವನೇನಲ್ಲ, ನಾಲ್ಕು ಜನಕ್ಕೆ ಉಪಕಾರವಾಗಲಿ ಎಂದೇ ಕಳಿಸಿದ. ಒಂದು ನಿಜದ ಹೆಗಲ ಮೇಲೆ ಎರಡು ಸುಳ್ಳು ಕೂತು ಬಂದದ್ದು ಅವನಿಗೆ ಕಾಣಲಿಲ್ಲ. 1950ಕ್ಕೆ ಒಂದು ಫೋನ್ ಮಾಡಿದ್ದರೆ, ಇಲ್ಲವೇ ಊರಿನ ಬಿಎಲ್‌ಒ ಅವರನ್ನು ಕೇಳಿದ್ದರೆ ತಿಳಿಯುತ್ತಿತ್ತು.

ಮೂರನೆಯದು ಕಣ್ಣು, ಕಿವಿಗೇ ಮೋಸ ಮಾಡುವಂಥದ್ದು. ಆ ಚುನಾವಣೆಯಲ್ಲಿ ಹಿಂದಿ ಚಿತ್ರನಟರು ಪಕ್ಷಗಳ ಪರ, ವಿರೋಧ ಮಾತಾಡಿದಂತೆ ವಿಡಿಯೋಗಳು ಹರಿದಾಡಿದವು. ಮುಖ ಅವರದು, ಮಾತು ಯಂತ್ರದ್ದು. ಇಂಥವು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆದುಹಾಕಬೇಕೆಂದು ಆಯೋಗ ಪಕ್ಷಗಳಿಗೆ ಸೂಚಿಸಿದ್ದು ಮೇ 6ರಂದು. ಮರುದಿನವೇ ನಮ್ಮಲ್ಲಿ ಮತದಾನ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಗಾದೆ ಹೀಗೆ ಅಕ್ಷರಶಃ ಬೇಕಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

“ಒಂದೆರಡು ಸಂದೇಶದಿಂದ ಏನಾಗುತ್ತದೆ ಬಿಡಿ” ಎನ್ನುವವರಿಗೆ ನಮ್ಮ ಕ್ಷೇತ್ರದ ಲೆಕ್ಕವನ್ನೇ ಹೇಳುತ್ತೇನೆ. 2009ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಗೆಲುವಿನ ಅಂತರ 2,024 ಮತ. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ ಎಲ್ಲ ಸೇರಿ ಎಂಟು ವಿಧಾನಸಭಾ ಕ್ಷೇತ್ರ. ಹಂಚಿದರೆ ಒಂದೊಂದಕ್ಕೆ 253. ನಮ್ಮ ಶಾಲೆಯ ಒಂದು ಬೆಳಗಿನ ಪ್ರಾರ್ಥನೆಗೆ ನಿಲ್ಲುವಷ್ಟು ಜನ! ಚುನಾವಣೆಯ ಆಚೆಗೂ ಬೆಲೆ ತೆತ್ತಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ರವಾನಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕಿದ್ದು ಆ ತಿಂಗಳಲ್ಲೇ.

ಹಾಗಾದರೆ ಪತ್ರಿಕೆ, ಟಿವಿ ಹೇಳಿದ್ದೆಲ್ಲ ನಿಜವೇ ಎಂದು ಕೇಳುತ್ತೀರಿ. ಕೇಳಲೇಬೇಕು. 2009ರ ಚುನಾವಣೆಗಳಲ್ಲಿ ಮಹಾರಾಷ್ಟ್ರದಲ್ಲಿ ಅಭ್ಯರ್ಥಿಯನ್ನು ಹೊಗಳುವ ಒಂದೇ ವರದಿ ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆ ವರದಿಗಾರರ ಹೆಸರಿನಲ್ಲಿ ಅಚ್ಚಾದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆ ತಂದರು. ‘ಕಾಸಿಗಾಗಿ ಸುದ್ದಿ’ ಎಂಬ ಮಾತು ಮನೆಮಾತಾದದ್ದು ಆಗಲೇ. ಭಾರತೀಯ ಪತ್ರಿಕಾ ಮಂಡಳಿ ಅದರ ತನಿಖೆಗೆ ಉಪಸಮಿತಿ ಮಾಡಿತು. ಇಂದು ಪ್ರತಿ ಜಿಲ್ಲೆಯಲ್ಲೂ ಚುನಾವಣೆ ವೇಳೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಕೆಲಸ ಮಾಡುತ್ತದೆ, ಸುದ್ದಿಯ ವೇಷದ ಜಾಹೀರಾತನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತದೆ. ಅಚ್ಚಾದ ಮಾತ್ರಕ್ಕೆ ನಂಬಬೇಡಿ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಪತ್ರಿಕೆ ತಪ್ಪು ಬರೆದರೆ ಸಂಪಾದಕರಿಗೆ ಪತ್ರ ಬರೆಯಬಹುದು, ಪತ್ರಿಕಾ ಮಂಡಳಿಗೆ ದೂರಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಹೆಸರಿಲ್ಲದ ಸಂದೇಶಕ್ಕೆ ಎಲ್ಲಿ ದೂರುತ್ತೀರಿ?

ಕಚೇರಿಗಳಿಗೂ ಇಲ್ಲಿ ಜವಾಬ್ದಾರಿಯಿದೆ. 2024ರಲ್ಲಿ ಮೊದಲ ಹಂತದ ಮತದಾನದ ಪೂರ್ತಿ ಶೇಕಡಾವಾರು ಲೆಕ್ಕ ಬಂದದ್ದು ಹನ್ನೊಂದು ದಿನದ ಮೇಲೆ. ಒಟ್ಟು ಮತಗಳ ಸಂಖ್ಯೆ ಬಂದದ್ದು ಮೇ 25ಕ್ಕೆ. ನಡುವಿನ ದಿನಗಳಲ್ಲಿ ಜನ ಪ್ರಶ್ನೆ ಕೇಳಿದರು. ಕೇಳಿದ್ದು ಸರಿಯೇ. ಉತ್ತರ ತಡವಾದಷ್ಟೂ ವದಂತಿಗೆ ಗೊಬ್ಬರ ಹಾಕಿದಂತೆ.

ಇಲ್ಲಿಗೆ ನಾಗರಿಕ ಪತ್ರಿಕೋದ್ಯಮದ ಮಾತು ಬರುತ್ತದೆ. ಹೆಸರು ದೊಡ್ಡದು, ಕೆಲಸ ಹಳೆಯದು. ತುಂಗಭದ್ರೆಯ ನೀರು ಕೆಟ್ಟಾಗ ಮೊದಲು ಕಂಡವರು ದಂಡೆಯ ಮೀನುಗಾರರು, ರೈತರು. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟಿಲ್ಲ ಎಂಬುದು ಆ ಹೊಲದವನಿಗೆ ಗೊತ್ತಾದಷ್ಟು ಯಾವ ವರದಿಗಾರನಿಗೂ ಗೊತ್ತಾಗದು. ಒಣಗಿದ ನಾಲೆಯ ಫೋಟೋ ತೆಗೆದು, ಯಾವ ಊರು, ಯಾವ ದಿನ, ತೆಗೆದವರು ಯಾರು ಎಂದು ಬರೆದರೆ ಅದೇ ಸುದ್ದಿ. ಅದೇ ಫೋಟೋಕ್ಕೆ ಊರೂ ದಿನಾಂಕವೂ ಇಲ್ಲದಿದ್ದರೆ ಮೂರು ವರ್ಷದ ಹಿಂದಿನ ಬರದ ಚಿತ್ರವೂ ಇಂದಿನದಾಗಿ ಓಡುತ್ತದೆ.

ಆಯೋಗದ ಸಿ-ವಿಜಿಲ್ ಆ್ಯಪ್ ಮಾಡಿದವರಿಗೆ ಈ ಗುಟ್ಟು ಗೊತ್ತಿದೆ. ಹಣ ಹಂಚುವುದು, ಸೀರೆ ಹಂಚುವುದು ಕಂಡರೆ ಅಲ್ಲೇ ಫೋಟೋ ತೆಗೆಯಬೇಕು, ಇಲ್ಲವೇ ಎರಡು ನಿಮಿಷದೊಳಗಿನ ವಿಡಿಯೋ ಮಾಡಬೇಕು. ಫೋನಿನಲ್ಲಿ ಮೊದಲೇ ಇದ್ದ ಹಳೆಯ ಚಿತ್ರ ಹಾಕಲು ಬರುವುದಿಲ್ಲ. ಸ್ಥಳ ತಾನಾಗಿ ದಾಖಲಾಗುತ್ತದೆ. ನೂರು ನಿಮಿಷದಲ್ಲಿ ಕ್ರಮವಾಗಬೇಕೆಂಬುದು ಗುರಿ. 2024ರಲ್ಲಿ ಚುನಾವಣೆ ಘೋಷಣೆಯಾದ ಎರಡು ವಾರದೊಳಗೆ ದೇಶದಲ್ಲಿ 79,000ಕ್ಕೂ ಹೆಚ್ಚು ದೂರು ಬಂದವು, ಸುಮಾರು ಶೇಕಡಾ 89ರಷ್ಟು ನೂರು ನಿಮಿಷದೊಳಗೆ ಇತ್ಯರ್ಥವಾದವು ಎಂದು ಆಯೋಗವೇ ತಿಳಿಸಿತು. ನಮ್ಮಂಥ ಊರಿನಲ್ಲಿ ಹೆಸರು ಹಾಕಿ ದೂರುವುದು ಸುಲಭವಲ್ಲ, ಬೆಳಗಾದರೆ ಅದೇ ಬೀದಿಯಲ್ಲಿ ಮುಖ ನೋಡಬೇಕು. ಅದಕ್ಕೇ ಅದರಲ್ಲಿ ಹೆಸರು ಮರೆಮಾಡುವ ಅವಕಾಶವೂ ಇದೆ. ಆದರೆ ಸ್ಥಳ ಮತ್ತು ಸಮಯ ಮರೆಯಾಗುವುದಿಲ್ಲ. ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆ, ಹೊಣೆ ಅವರದಾಗುತ್ತದೆ.

ನೆನಪಿಡಿ, ಮತಗಟ್ಟೆಯೊಳಗೆ ಈ ಉತ್ಸಾಹ ಬೇಡ. ಹಾಕಿದ ಮತದ ಫೋಟೋ ತೆಗೆದು ಹಂಚುವುದು ಪತ್ರಿಕೋದ್ಯಮವಲ್ಲ, ಮತದಾನದ ಗೋಪ್ಯತೆಯ ಉಲ್ಲಂಘನೆ. ಇಂದು ಹೆಮ್ಮೆಯಿಂದ ತೋರಿಸಿದ್ದನ್ನು ನಾಳೆ ಕಾಸು ಕೊಟ್ಟವನು “ತೋರಿಸು” ಎಂದು ಕೇಳುತ್ತಾನೆ.

ಮತಗಟ್ಟೆ ಎಂದಾಗ ನಮ್ಮ ಶಾಲೆಯ ನೆನಪಾಗಲೇಬೇಕು. ಪ್ರತಿ ಚುನಾವಣೆಯಲ್ಲಿ ಈ ಕೊಠಡಿಗಳೇ ಮತಗಟ್ಟೆ, ನಮ್ಮ ಮೇಷ್ಟ್ರುಗಳೇ ಚುನಾವಣಾ ಸಿಬ್ಬಂದಿ. ಮತದಾನಕ್ಕೆ ಮೊದಲು ಏಜೆಂಟರ ಎದುರು ಕನಿಷ್ಠ ಐವತ್ತು ಮತದ ಅಣಕು ಮತದಾನ ಮಾಡಿ ತೋರಿಸುತ್ತಾರೆ. ಮುಗಿದ ಮೇಲೆ ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಏಜೆಂಟರಾಗಿ ಕೂತವರು ಈ ಸಭೆಯಲ್ಲೂ ಇದ್ದೀರಿ. ಯಂತ್ರದ ಬಗ್ಗೆ ಅನುಮಾನ ಇದ್ದರೆ ಕೇಳುವುದು ನಿಮ್ಮ ಹಕ್ಕು. ಕೇಳುವಾಗ ಆ ಕಾಗದ ಕೈಯಲ್ಲಿರಲಿ. ನಮ್ಮ ಮತಗಟ್ಟೆಯ ನಿಜ ನಮ್ಮೂರಲ್ಲೇ, ಸಹಿ ಸಮೇತ ಇದೆ. ದೆಹಲಿಯ ವದಂತಿಗೆ ಕಾಯಬೇಕಾಗಿಲ್ಲ.

ಕೊನೆಗೆ ಶಾಲೆಗೆ ಒಂದು ಕೋರಿಕೆ. ಪ್ರೌಢಶಾಲೆಗಳಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್ ಇದೆ. ಅದರ ವತಿಯಿಂದ ಒಂದು ಗೋಡೆ ಪತ್ರಿಕೆ ಆರಂಭಿಸಿ. ಬೋರ್ಡು, ಕಾಗದ, ಬಣ್ಣದ ಖರ್ಚು ನಮ್ಮ ಬ್ಯಾಚಿನವರದು. ನಿಯಮ ಮೂರೇ ಇರಲಿ. ಪ್ರತಿ ಸುದ್ದಿಯ ಕೆಳಗೆ ಬರೆದ ವಿದ್ಯಾರ್ಥಿಯ ಹೆಸರು ಮತ್ತು ತರಗತಿ. ಹೇಳಿದವರು ಯಾರು, ಯಾವ ದಿನ ಎಂಬ ಒಂದು ಸಾಲು. ಮೂಲೆಯಲ್ಲಿ ‘ತಿದ್ದುಪಡಿ’ ಎಂಬ ಒಂದು ಚೌಕ. ತಪ್ಪಾದರೆ ಅಲ್ಲಿ ಬರೆದು ತಿದ್ದುವುದನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತ ಮಗು, ಹದಿನೆಂಟಕ್ಕೆ ಮತದಾರನಾದಾಗ ಊರಿನ ಗುಂಪಿನಲ್ಲಿ “ಇದು ಯಾರು ಹೇಳಿದ್ದು?” ಎಂದು ಹೆದರದೆ ಕೇಳುತ್ತದೆ. ಮನೆಯಲ್ಲಿ ಅಪ್ಪ, ಅಜ್ಜ ರವಾನಿಸುವ ಮೊದಲೂ ಕೇಳುತ್ತದೆ. ಆಗ ದಯವಿಟ್ಟು ಮಕ್ಕಳ ಮೇಲೆ ಸಿಟ್ಟಾಗಬೇಡಿ, ಉತ್ತರ ಹುಡುಕಿ.

ಐವತ್ತು ವರ್ಷ ಈ ಊರಿನ ಮಕ್ಕಳಿಗೆ ಓದು ಕಲಿಸಿದ ಶಾಲೆ ಇದು. ಓದಿದ್ದನ್ನು ಪರೀಕ್ಷಿಸುವುದನ್ನೂ ಕಲಿಸಲಿ ಎಂದು ಹಾರೈಸುತ್ತೇನೆ.