ವಿನೋದದ ಬಂಡಿಗೆ ಒಂದು ಲೆಕ್ಕ, ದುಡಿಮೆಯ ಬಂಡಿಗೆ ಇನ್ನೊಂದು

(ಕಾರ್ಮಿಕರ ಅಧ್ಯಯನ ಮಂಡಲಿಯ ವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ವಾರ ಕೂಟ ಮುಗಿದು ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಗೆಳೆಯರೊಬ್ಬರು ಬಾಗಿಲಲ್ಲಿ ನನ್ನನ್ನು ತಡೆದರು. ಅವರು ಲಾರಿ ಬುಕಿಂಗ್ ಆಫೀಸಿನ ಗುಮಾಸ್ತರು. "ಅಮೆರಿಕದಲ್ಲಿ ದುಡ್ಡಿದ್ದವರು ಬಸ್ಸಿನಷ್ಟು ದೊಡ್ಡ ಗಾಡಿಯಲ್ಲಿ ಮನೆಯನ್ನೇ ಮಾಡಿಕೊಂಡು ತಿರುಗುತ್ತಾರಂತೆ. ಲಾರಿಯವನು ಡೀಸೆಲ್ ತೆರಿಗೆಯ ಲೆಕ್ಕ ಕೊಡಬೇಕು, ಆ ಗಾಡಿಗೆ ಮಾತ್ರ ಮಾಫಿಯಂತೆ. ನಿಜವೋ?" ಎಂದು ಕೇಳಿದರು. ಅರ್ಧ ನಿಜ ಎಂದು ಹೇಳಿ ಮನೆಗೆ ಹೋದೆ. ಆದರೆ ಅರ್ಧ ನಿಜ ಎಂದು ಹೇಳಿ ಜಾರಿಕೊಳ್ಳುವುದು ಮಂತ್ರಿಗಳ ಪದ್ಧತಿ, ನಮ್ಮ ಮಂಡಲಿಯದಲ್ಲ. ಆದ್ದರಿಂದ ಇನ್ನರ್ಧವನ್ನು ಇಂದು ಹೇಳುತ್ತೇನೆ.

ಮೊದಲು ಆ ಗಾಡಿ ಎಂಥದೆಂದು ತಿಳಿಯಬೇಕು. ನಲವತ್ತು ಅಡಿಗೂ ಮೀರಿದ ಉದ್ದ. ಒಳಗೆ ಮಂಚ, ಅಡಿಗೆಯ ಒಲೆ, ಸ್ನಾನದ ಕೋಣೆ, ತಣ್ಣನೆಯ ಪೆಟ್ಟಿಗೆ. ಇಂಗ್ಲಿಷಿನಲ್ಲಿ ಮೋಟಾರ್ ಹೋಮ್ ಎನ್ನುತ್ತಾರೆ, ನಾವು ಮೋಟಾರು ಮನೆ ಎನ್ನೋಣ. ದೊಡ್ಡವುಗಳ ತೂಕ ಮೂವತ್ತು ಸಾವಿರ ಪೌಂಡನ್ನು ದಾಟುತ್ತದೆ. ಬಸ್ಸಿನ ಚೌಕಟ್ಟಿನ ಮೇಲೆಯೇ ಕಟ್ಟಿದ ಕೆಲವಕ್ಕೆ ಹತ್ತು ಲಕ್ಷ ಡಾಲರಿಗೂ ಮಿಗಿಲಾದ ಬೆಲೆಯುಂಟು. ಡೀಸೆಲ್ ಟ್ಯಾಂಕು ನೂರರಿಂದ ನೂರೈವತ್ತು ಗ್ಯಾಲನ್ ಹಿಡಿಯುತ್ತದೆ. ಅಲ್ಲಿಯ ಗ್ಯಾಲನ್ನು ನಮ್ಮ ಮೂರು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಗ್ಯಾಲನ್ನಿಗೆ ಎಂಟು ಮೈಲಿಯೆಂದು ಹಿಡಿದರೆ, ಒಮ್ಮೆ ಟ್ಯಾಂಕು ತುಂಬಿದ ಗಾಡಿ ಮೂರು ನಾಲ್ಕು ರಾಜ್ಯಗಳನ್ನು ಒಂದು ಬಂಕಿನ ಮುಂದೂ ನಿಲ್ಲದೆ ದಾಟಿಹೋಗಬಲ್ಲದು. ಈ ಮಾತನ್ನು ನೆನಪಿನಲ್ಲಿಡಿ. ತಕರಾರಿನ ಮೂಲ ಇಲ್ಲಿದೆ.

ಅಮೆರಿಕದಲ್ಲಿ ಡೀಸೆಲ್ ಮೇಲೆ ಎರಡು ತೆರಿಗೆ. ಒಂದು ಕೇಂದ್ರ ಸರ್ಕಾರದ್ದು, ಗ್ಯಾಲನ್ನಿಗೆ 24.4 ಸೆಂಟು. ಇದು 1993ರಲ್ಲಿ ಗೊತ್ತಾದ ದರ, ಅಂದಿನಿಂದ ಏರಿಲ್ಲ. ಇನ್ನೊಂದು ಆಯಾ ರಾಜ್ಯದ್ದು. ರಾಜ್ಯಗಳಲ್ಲಿ ಪೆಟ್ರೋಲಿಗೆ ಮೊದಲು ತೆರಿಗೆ ಹಾಕಿದ್ದು ಆರೆಗಾನ್, 1919ರಲ್ಲಿ, ಗ್ಯಾಲನ್ನಿಗೆ ಒಂದು ಸೆಂಟಿನಂತೆ. ರಸ್ತೆ ಬಳಸುವವನು ರಸ್ತೆಯ ಖರ್ಚು ಕೊಡಲಿ, ಎಷ್ಟು ಎಣ್ಣೆ ಸುಟ್ಟನೋ ಅಷ್ಟು ರಸ್ತೆ ಬಳಸಿದನೆಂದು ತಿಳಿಯೋಣ ಎಂಬುದು ಅದರ ಹಿಂದಿನ ತರ್ಕ. ಒಂದೇ ರಾಜ್ಯದೊಳಗೆ ಓಡಾಡುವವರಿಗೆ ಇದು ಹೇಗೋ ಸರಿಹೋಯಿತು. ದೂರದ ಲಾರಿಗಳು ಬಂದಾಗ ತರ್ಕ ಮುರಿಯಿತು. ತೆರಿಗೆ ಕಡಿಮೆಯಿರುವ ರಾಜ್ಯದಲ್ಲಿ ಎಣ್ಣೆ ತುಂಬಿಸಿ, ತೆರಿಗೆ ಹೆಚ್ಚಿರುವ ರಾಜ್ಯದ ರಸ್ತೆಯನ್ನು ಸವೆಸಿ ಹೋಗುವುದು ಲಾರಿ ಕಂಪನಿಗಳಿಗೆ ರೂಢಿಯಾಯಿತು. ಪ್ರತಿಯಾಗಿ ಒಂದೊಂದು ರಾಜ್ಯವೂ ತನ್ನದೇ ಪರವಾನಗಿ, ತನ್ನದೇ ಚೀಟಿ, ತನ್ನದೇ ಲೆಕ್ಕಪತ್ರ ಕೇಳತೊಡಗಿತು. ಲಾರಿಯ ಮೈಮೇಲೆ ಅಂಟಿಸಲು ಜಾಗವಿಲ್ಲದಷ್ಟು ಚೀಟಿಗಳಾದವು.

ಕೊನೆಗೆ 1983ರಲ್ಲಿ ಅರಿಜೋನಾ, ಅಯೋವಾ, ವಾಷಿಂಗ್ಟನ್ ಎಂಬ ಮೂರು ರಾಜ್ಯಗಳು ಸೇರಿ ಒಂದು ಒಡಂಬಡಿಕೆ ಮಾಡಿಕೊಂಡವು. ಅದೇ ಅಂತರರಾಷ್ಟ್ರೀಯ ಇಂಧನ ತೆರಿಗೆ ಒಡಂಬಡಿಕೆ. ಲಾರಿಯವರ ಬಾಯಲ್ಲಿ 'ಇಫ್ಟಾ'. 1991ರ ಕೇಂದ್ರ ಕಾನೂನು 1996ರ ಸೆಪ್ಟೆಂಬರ್ ಕೊನೆಯ ಗಡುವು ಹಾಕಿ ಉಳಿದ ರಾಜ್ಯಗಳನ್ನೂ ಇದರೊಳಗೆ ತಳ್ಳಿತು. ಈಗ ಅಲಾಸ್ಕಾ, ಹವಾಯಿ ಬಿಟ್ಟು 48 ರಾಜ್ಯಗಳೂ ಕೆನಡಾದ 10 ಪ್ರಾಂತ್ಯಗಳೂ ಇದರಲ್ಲಿವೆ. ಲಾರಿಯವನು ತನ್ನ ಸ್ವಂತ ರಾಜ್ಯದಲ್ಲಿ ಒಂದು ಪರವಾನಗಿ ಪಡೆದು, ಗಾಡಿಗೆ ಎರಡು ಚೀಟಿ ಅಂಟಿಸಿಕೊಂಡು, ಮೂರು ತಿಂಗಳಿಗೊಮ್ಮೆ ಒಂದೇ ಲೆಕ್ಕ ಒಪ್ಪಿಸಿದರೆ ಸಾಕು. ರಾಜ್ಯಗಳು ತಮ್ಮತಮ್ಮ ಪಾಲನ್ನು ತಾವೇ ಹಂಚಿಕೊಳ್ಳುತ್ತವೆ.

ಯಾವ ಗಾಡಿಗೆ ಈ ಲೆಕ್ಕ? ಎರಡು ಆಕ್ಸಲ್ ಇದ್ದು 26,000 ಪೌಂಡಿಗಿಂತ, ಅಂದರೆ ಸುಮಾರು 11,800 ಕಿಲೋಗಿಂತ ಹೆಚ್ಚು ತೂಗುವ ಗಾಡಿಗೆ. ಮೂರು ಅಥವಾ ಹೆಚ್ಚು ಆಕ್ಸಲ್ ಇದ್ದರೆ ತೂಕ ಎಷ್ಟೇ ಇರಲಿ ಆ ಗಾಡಿಗೆ. ಹಿಂದೆ ಇನ್ನೊಂದನ್ನು ಎಳೆದುಕೊಂಡು ಒಟ್ಟು ತೂಕ ಆ ಮಿತಿ ದಾಟಿದರೆ ಅದಕ್ಕೂ. ಇಷ್ಟನ್ನೇ ಓದಿದರೆ ದೊಡ್ಡ ಮೋಟಾರು ಮನೆ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ವಾಕ್ಯವಿದೆ: ವಿನೋದದ ವಾಹನಗಳು ಇದರಲ್ಲಿ ಸೇರುವುದಿಲ್ಲ. ವಿನೋದದ ವಾಹನವೆಂದರೆ ಮೋಟಾರು ಮನೆ, ಬೆನ್ನಿನ ಮೇಲೆ ಬಿಡಾರ ಹೊತ್ತ ಸಣ್ಣ ಟ್ರಕ್ಕು, ಬಸ್ಸು. ಇವನ್ನು ಒಬ್ಬ ವ್ಯಕ್ತಿ ಕೇವಲ ತನ್ನ ಸ್ವಂತ ಸಂತೋಷಕ್ಕಾಗಿ ಬಳಸುತ್ತಿರಬೇಕು, ಯಾವ ವ್ಯಾಪಾರ ವ್ಯವಹಾರಕ್ಕೂ ಅದರ ಸಂಬಂಧ ಇರಕೂಡದು.

ಗಮನಿಸಿದಿರಾ? ತೂಕ ಕೇಳಿ, ಆಕ್ಸಲ್ ಎಣಿಸಿದ ಕಾನೂನು ಕೊನೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಹಾಕುತ್ತದೆ: ನೀನು ಹೊರಟದ್ದು ಆಟಕ್ಕೋ, ಹೊಟ್ಟೆಪಾಡಿಗೋ? ಆಟಕ್ಕೆ ಎಂದರೆ ಹೋಗಿ ಬಾ. ಹೊಟ್ಟೆಪಾಡಿಗೆ ಎಂದರೆ ಲೆಕ್ಕದ ಪುಸ್ತಕ ತೆಗೆ.

ಕೂಡಲೇ ಕೈಯೆತ್ತಿ ಘೋಷಣೆ ಕೂಗಬೇಡಿ. ಮೋಟಾರು ಮನೆಯವನಿಗೆ ತೆರಿಗೆಯೇ ಇಲ್ಲವೆಂಬುದು ಸುಳ್ಳು. ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡಾಗಲೇ ಎರಡೂ ತೆರಿಗೆ ಬೆಲೆಯಲ್ಲಿ ಸೇರಿ ಹೋಗಿರುತ್ತದೆ. ಅವನಿಗೆ ಮಾಫಿಯಾದದ್ದು ರಾಜ್ಯ ರಾಜ್ಯಗಳ ನಡುವಿನ ಲೆಕ್ಕ ಮಾತ್ರ. ಅದರಿಂದ ಆಗುವ ವ್ಯತ್ಯಾಸವೆಷ್ಟು? ಅಂಗಡಿ ಇಟ್ಟವರು ಇಲ್ಲಿ ಬಹಳ ಮಂದಿ ಇದ್ದೀರಿ, ಕೂಡಿ ಕಳೆದೇ ನೋಡೋಣ.

ಒಹಾಯೊ ಮತ್ತು ಪೆನ್ಸಿಲ್ವೇನಿಯಾ ಅಕ್ಕಪಕ್ಕದ ರಾಜ್ಯಗಳು. 2024ರಲ್ಲಿ ಒಹಾಯೊದ ಡೀಸೆಲ್ ತೆರಿಗೆ ಗ್ಯಾಲನ್ನಿಗೆ 47 ಸೆಂಟು, ಪೆನ್ಸಿಲ್ವೇನಿಯಾದ್ದು 74.1 ಸೆಂಟು. ಒಂದು ಗಾಡಿ ಮೂರು ತಿಂಗಳಲ್ಲಿ 2,400 ಮೈಲಿ ಓಡಿ 300 ಗ್ಯಾಲನ್ ಸುಟ್ಟಿತೆನ್ನಿ. ಗ್ಯಾಲನ್ನಿಗೆ ಎಂಟು ಮೈಲಿ. ಇದರಲ್ಲಿ ಒಹಾಯೊ ರಸ್ತೆ 1,600 ಮೈಲಿ, ಪೆನ್ಸಿಲ್ವೇನಿಯಾ ರಸ್ತೆ 800 ಮೈಲಿ. ಹಾಗಾದರೆ ಒಹಾಯೊದಲ್ಲಿ ಸುಟ್ಟದ್ದು 200 ಗ್ಯಾಲನ್, ಪೆನ್ಸಿಲ್ವೇನಿಯಾದಲ್ಲಿ 100. ಎಣ್ಣೆ ಕೊಂಡದ್ದು ಮಾತ್ರ ಅಷ್ಟೂ ಒಹಾಯೊದಲ್ಲಿ. ಗಾಡಿ ವ್ಯಾಪಾರದ್ದಾದರೆ ಒಹಾಯೊ 100 ಗ್ಯಾಲನ್ನಿನ ತೆರಿಗೆ, 47 ಡಾಲರ್, ಅವನ ಹೆಸರಿಗೆ ಜಮಾ ಮಾಡುತ್ತದೆ. ಪೆನ್ಸಿಲ್ವೇನಿಯಾಕ್ಕೆ 74 ಡಾಲರ್ 10 ಸೆಂಟು ಸಲ್ಲಬೇಕು. ಕಳೆದು ಅವನು ಕೈಯಿಂದ ಹಾಕಬೇಕಾದ್ದು 27 ಡಾಲರ್ 10 ಸೆಂಟು. ಅದೇ ತೂಕದ, ಅದೇ ದಾರಿಯಲ್ಲಿ ಬಂದ ವಿನೋದದ ಗಾಡಿ ಏನೂ ಕೊಡುವುದಿಲ್ಲ. ಪೆನ್ಸಿಲ್ವೇನಿಯಾಕ್ಕೆ ಅದರ 800 ಮೈಲಿಗೆ ರಾಜ್ಯದ ಡೀಸೆಲ್ ತೆರಿಗೆಯಾಗಿ ಒಂದು ಕಾಸೂ ಬರಲಿಲ್ಲ.

ಈಗ ತಿರುಗಿಸಿ ನೋಡಿ. 300 ಗ್ಯಾಲನ್ನನ್ನೂ ಪೆನ್ಸಿಲ್ವೇನಿಯಾದಲ್ಲೇ ಕೊಂಡಿದ್ದರೆ? ಅಲ್ಲಿ 200 ಗ್ಯಾಲನ್ನಿಗೆ ಹೆಚ್ಚಾಗಿ ಕಟ್ಟಿದ 148 ಡಾಲರ್ 20 ಸೆಂಟು ಜಮಾ, ಒಹಾಯೊಕ್ಕೆ ಸಲ್ಲಬೇಕಾದ್ದು 94 ಡಾಲರ್. ವ್ಯಾಪಾರದ ಗಾಡಿಯವನಿಗೆ 54 ಡಾಲರ್ 20 ಸೆಂಟು ವಾಪಸ್ಸು ಬರುತ್ತದೆ. ವಿನೋದದವನಿಗೆ ವಾಪಸ್ಸೂ ಇಲ್ಲ. ಈ ಕತ್ತಿಗೆ ಎರಡೂ ಕಡೆ ಅಲಗಿದೆ. ಆದರೆ ತುಂಬಿದ ಟ್ಯಾಂಕಿನವನಿಗೆ ಎಲ್ಲಿ ಕೊಳ್ಳಬೇಕೆಂದು ಆರಿಸುವ ಸ್ವಾತಂತ್ರ್ಯವಿದೆ. ಯಾವನೂ ದುಬಾರಿ ಕಡೆ ಹುಡುಕಿಕೊಂಡು ಹೋಗುವುದಿಲ್ಲ.

ಹಾಗಾದರೆ ಈ ಮಾಫಿ ಏಕೆ? ಆಡಳಿತದವರ ಕಡೆಗೂ ಒಂದು ನ್ಯಾಯವಿದೆ, ಅದನ್ನು ಮುಚ್ಚಿಡಬಾರದು. ದೂರದ ಲಾರಿ ವರ್ಷಕ್ಕೆ ಲಕ್ಷ ಮೈಲಿ ಓಡಬಹುದು; ಮೋಟಾರು ಮನೆ ಸಾಮಾನ್ಯವಾಗಿ ಕೆಲವು ಸಾವಿರ ಮೈಲಿ ಓಡಿ ಉಳಿದ ದಿನ ಹಿತ್ತಲಲ್ಲಿ ನಿಂತಿರುತ್ತದೆ. ಹತ್ತಿಪ್ಪತ್ತು ಡಾಲರಿಗಾಗಿ ನಿವೃತ್ತ ಮುದುಕರಿಂದ ಮೈಲಿ ಮೈಲಿಯ ಲೆಕ್ಕ ಬರೆಸಿ, ಅದನ್ನು ತಪಾಸಣೆ ಮಾಡಲು ಗುಮಾಸ್ತರನ್ನಿಟ್ಟರೆ ವಸೂಲಿಗಿಂತ ಸಂಬಳವೇ ಹೆಚ್ಚಾದೀತು. ಈ ಮಾತು ನನಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು ತೂಕದ ವಿಷಯ. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರ ಬಳಿ ರಸ್ತೆ ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಲಾರಿ ಓಡಿಸಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. ಆಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಪೆಟ್ಟು ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು ಎಂಬ ಎಂಜಿನಿಯರುಗಳ ಸೂತ್ರ ಆ ಪರೀಕ್ಷೆಯಿಂದ ಹುಟ್ಟಿತು. ಭಾರ ಹತ್ತು ಪಟ್ಟಾದರೆ ಪೆಟ್ಟು ಹತ್ತು ಸಾವಿರ ಪಟ್ಟು. ದೊಡ್ಡ ಮೋಟಾರು ಮನೆ ಸಣ್ಣ ಕಾರಿಗಿಂತ ಮೂರು ನಾಲ್ಕು ಪಟ್ಟು ಎಣ್ಣೆ ಸುಟ್ಟೀತು, ಅಷ್ಟೇ ಪಟ್ಟು ತೆರಿಗೆ ಕೊಟ್ಟೀತು; ರಸ್ತೆಗೆ ಕೊಡುವ ಪೆಟ್ಟಿಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಭಾರದ ಲಾರಿಯದೂ ಇದೇ ಕಥೆ ಎನ್ನಿ. ಅದಕ್ಕೇ ಆರೆಗಾನ್ ರಾಜ್ಯ 26,000 ಪೌಂಡಿನ ಮೇಲಿನ ವ್ಯಾಪಾರದ ಲಾರಿಗಳಿಗೆ ಬಂಕಿನ ತೆರಿಗೆ ಬಿಟ್ಟು, ತೂಕ ಮತ್ತು ಮೈಲಿ ಎರಡನ್ನೂ ನೋಡಿ ತೆರಿಗೆ ಹಾಕುತ್ತದೆ. ಗಾಡಿಗೆ ಕೇಳಬೇಕಾದ ಸರಿಯಾದ ಪ್ರಶ್ನೆಯೇ ಅದು. ರಸ್ತೆಗೆ ಚಕ್ರದ ಭಾರ ಗೊತ್ತಾಗುತ್ತದೆ. ಒಳಗೆ ಕುಳಿತವನು ರಜೆಯಲ್ಲಿದ್ದಾನೋ ಕೆಲಸದಲ್ಲಿದ್ದಾನೋ ಗೊತ್ತಾಗುವುದಿಲ್ಲ.

ಇದರಲ್ಲಿ ಸಿಕ್ಕಿಬೀಳುವವನು ದೊಡ್ಡ ಲಾರಿ ಕಂಪನಿಯಲ್ಲ. ಅದಕ್ಕೆ ಲೆಕ್ಕ ಬರೆಯುವ ಯಂತ್ರಗಳಿವೆ, ವಕೀಲರಿದ್ದಾರೆ. ಸಿಕ್ಕಿಬೀಳುವವನು ಸಂತೆಯಿಂದ ಸಂತೆಗೆ ತಿರುಗುವ ಸಣ್ಣ ವ್ಯಾಪಾರಿ. ಹಳೆಯ ಭಾರದ ಮೋಟಾರು ಮನೆಯೊಂದನ್ನು ಕೊಂಡು, ಹಿಂದಿನ ಅರ್ಧದಲ್ಲಿ ಚರ್ಮದ ಸಾಮಾನೋ ಕೈಕೆಲಸದ ಆಭರಣವೋ ತುಂಬಿಕೊಂಡು, ಮುಂದಿನ ಅರ್ಧದಲ್ಲಿ ಹೆಂಡತಿ ಮಕ್ಕಳೊಂದಿಗೆ ಮಲಗುವವನು. ಅವನ ಗಾಡಿ ಮನೆಯೂ ಹೌದು, ಅಂಗಡಿಯೂ ಹೌದು. ಒಡಂಬಡಿಕೆಯ ಮಾತಿನಂತೆ ಅದು ವಿನೋದದ ವಾಹನವಲ್ಲ. ಅವನು ಪ್ರತಿ ರಾಜ್ಯದಲ್ಲಿ ಓಡಿದ ಮೈಲಿ ಬರೆದಿಡಬೇಕು, ಪ್ರತಿ ಎಣ್ಣೆಯ ರಸೀತಿ ಕಾಯ್ದಿಡಬೇಕು, ಅವೆಲ್ಲವನ್ನೂ ನಾಲ್ಕು ವರ್ಷ ಜೋಪಾನ ಮಾಡಬೇಕು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಕೊನೆಯ ದಿನದೊಳಗೆ ಲೆಕ್ಕ ಒಪ್ಪಿಸಬೇಕು. ತಡವಾದರೆ 50 ಡಾಲರ್ ಅಥವಾ ಬಾಕಿಯ ಶೇಕಡಾ ಹತ್ತು, ಇವುಗಳಲ್ಲಿ ಯಾವುದು ದೊಡ್ಡದೋ ಅಷ್ಟು ದಂಡ. ನಾವು ಮಾಡಿದ ಲೆಕ್ಕದಲ್ಲಿ ಬಾಕಿ 27 ಡಾಲರ್, ದಂಡ 50. ಜಿ.ಎಸ್.ಟಿ. ರಿಟರ್ನ್ ತಡವಾಗಿ ದಂಡ ಕಟ್ಟಿದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಗಾಡಿಯಲ್ಲಿ ಬಾಳುವವರೆಲ್ಲ ಶ್ರೀಮಂತರೆಂದು ತಿಳಿಯಬೇಡಿ. ಬಾಡಿಗೆ ಕಟ್ಟಲಾರದೆ ಮನೆ ಬಿಟ್ಟು, ಹಳೆಯ ವ್ಯಾನು, ಸಣ್ಣ ಬಿಡಾರದ ಗಾಡಿಗಳಲ್ಲಿ ವಾಸಮಾಡುತ್ತ, ಸಕ್ಕರೆ ಬೀಟಿನ ಕೊಯ್ಲಿಗೂ ಹಬ್ಬದ ಕಾಲದ ಗೋದಾಮಿನ ಕೆಲಸಕ್ಕೂ ಊರೂರು ಅಲೆಯುವ ವಯಸ್ಸಾದ ಕೂಲಿಗಳು ಅಲ್ಲಿದ್ದಾರೆ. ಅವರ ಗಾಡಿಗಳು ಸಾಮಾನ್ಯವಾಗಿ ಹಗುರ. 26,000 ಪೌಂಡಿನ ಗೆರೆಯೇ ಅವರನ್ನು ಈ ಲೆಕ್ಕದಿಂದ ಕಾಪಾಡುತ್ತದೆ. ಅವರನ್ನು ಕಾಪಾಡುವುದು ತೂಕದ ನಿಯಮ, ವಿನೋದದ ನಿಯಮವಲ್ಲ ಎಂಬುದನ್ನು ಗುರುತಿಸಿ.

ನಮ್ಮಲ್ಲಿ ಹೇಗೆ ಎಂದು ಯಾರೋ ಹಿಂದಿನಿಂದ ಕೇಳುತ್ತಿದ್ದೀರಿ. ನಮ್ಮಲ್ಲಿ ಇಂಥ ಹಂಚಿಕೆಯ ಲೆಕ್ಕವೇ ಇಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಪೆಟ್ರೋಲು ಡೀಸೆಲ್‌ಗಳನ್ನು ಹೊರಗಿಟ್ಟರು. ಡೀಸೆಲ್ ಮಾರಿದ ರಾಜ್ಯಕ್ಕೇ ಅದರ ಮಾರಾಟ ತೆರಿಗೆ. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ಅದು ಶೇಕಡಾ 18ರ ಆಸುಪಾಸಿನಿಂದ 21.17ಕ್ಕೆ ಏರಿತು. ಗಡಿಯ ಈಚೆ ತುಂಬಿಸಬೇಕೋ ಆಚೆ ತುಂಬಿಸಬೇಕೋ ಎಂದು ಚಾಲಕನು ಪ್ರತಿ ಪ್ರಯಾಣದಲ್ಲೂ ಎಣಿಸುತ್ತಾನೆ. ರಸ್ತೆ ಯಾರದು ಸವೆಯಿತೆಂದು ಯಾವ ಸರ್ಕಾರವೂ ಆ ಡೀಸೆಲ್ ಲೆಕ್ಕದಲ್ಲಿ ಕೇಳುವುದಿಲ್ಲ. ಅಮೆರಿಕದವರು ಆ ಪ್ರಶ್ನೆಯನ್ನಾದರೂ ಕೇಳಿದರು. ಉತ್ತರ ಹೇಳುವ ಹೊರೆಯನ್ನು ಮಾತ್ರ ದುಡಿಯಲು ಹೊರಟವನ ತಲೆಗೆ ಹೊರಿಸಿದರು.

ಗುಮಾಸ್ತ ಗೆಳೆಯರು ಈಗ ಇನ್ನೊಂದು ಚೀಟಿ ಕಳಿಸಿದ್ದಾರೆ: ವರ್ಷಕ್ಕೆ ಒಂದೇ ಸಲ ಪರರಾಜ್ಯದ ಜಾತ್ರೆಗೆ ಸರಕು ಒಯ್ಯುವವನೂ ಪರವಾನಗಿ ಮಾಡಿಸಿ ನಾಲ್ಕು ಸಲ ಲೆಕ್ಕ ಕೊಡಬೇಕೇ? ಬೇಕಿಲ್ಲ. ಅಂಥವನು ಆ ಒಂದು ಪ್ರಯಾಣಕ್ಕೆ ಮಾತ್ರ ಸಲ್ಲುವ ತಾತ್ಕಾಲಿಕ ಪರವಾನಗಿಯನ್ನು ದುಡ್ಡು ಕೊಟ್ಟು ಪಡೆಯಬಹುದು. ಅದರ ಶುಲ್ಕವೂ ದಿನಗಳ ಮಿತಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಡಿ ದಾಟುವ ಮೊದಲೇ ಅದು ಕೈಯಲ್ಲಿರಬೇಕು.